ಸಹಿ ಹಾಕುವ ಮುಂಚೆ ನಕ್ಷೆಯ ಲೇಯರ್‌ಗಳನ್ನು ತೆರೆದಿಡಿ

ಕಾಡು, ನದಿ, ಕರಾವಳಿಗಳ ಪ್ರಾದೇಶಿಕ ಯೋಜನೆ ಮಾಡುವ ಎಲ್ಲ ಅಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ನಿಮ್ಮ ಕಚೇರಿಯಿಂದ ಒಂದು ಸಂರಕ್ಷಣಾ ಯೋಜನೆ ಹೊರಬಂದಾಗ ಜನರ ಕೈಗೆ ಸಿಗುವುದು ಒಂದು ಪಿಡಿಎಫ್. ಒಂದಷ್ಟು ಹಸಿರು, ಒಂದಷ್ಟು ಕೆಂಪು, ಮೇಲೆ ಲಾಂಛನ, ಕೆಳಗೆ ಸಹಿ. ಹಿಗ್ಗಿಸಿ ನೋಡಿದರೆ ಗೆರೆ ದಪ್ಪವಾಗುತ್ತದೆ, ಮಾಹಿತಿ ಹೆಚ್ಚಾಗುವುದಿಲ್ಲ. ಈ ಹಸಿರು ಯಾವ ವರ್ಷದ ಉಪಗ್ರಹ ಚಿತ್ರದ್ದು? ಗೆರೆ ಗುಡ್ಡದ ಆಚೆ ಹೋಗದೆ ಈಚೆಗೇ ಯಾಕೆ ನಿಂತಿತು? ಕೇಳಿದರೆ "ತಜ್ಞರು ಮಾಡಿದ್ದು" ಅನ್ನುವ ಉತ್ತರ ಬರುತ್ತದೆ. ತಜ್ಞರು ಮಾಡಿದ್ದು ನಿಜ. ನಾನೂ ಅದೇ ಕಸುಬಿನವನು, ದಿನವಿಡೀ ಜಿಐಎಸ್ (ಕಂಪ್ಯೂಟರಿನಲ್ಲಿ ನಕ್ಷೆ ಮಾಡುವ ವ್ಯವಸ್ಥೆ) ಪರದೆ ಮುಂದೆ ಕೂರುವವನು. ಅದಕ್ಕೇ ಹೇಳುತ್ತಿದ್ದೇನೆ, ನಮ್ಮ ಕೆಲಸವನ್ನು ಇಷ್ಟು ಸುಲಭವಾಗಿ ನಂಬಬೇಡಿ.

ಒಂದು ನಕ್ಷೆಯ ಹಿಂದೆ ಹತ್ತಾರು ಲೇಯರ್, ಅಂದರೆ ಮಾಹಿತಿಯ ಪದರಗಳು, ಇರುತ್ತವೆ. ಕಾಡಿನದೊಂದು, ನೀರಿನದೊಂದು. ಮಣ್ಣು, ಇಳಿಜಾರು, ರಸ್ತೆ, ಮನೆ, ಪ್ರಾಣಿ ಕಂಡ ಜಾಗ. ಒಂದೊಂದೂ ಒಂದೊಂದು ಕಾಲದ್ದು, ಒಂದೊಂದು ಅಳತೆಯದ್ದು, ಒಂದೊಂದರಲ್ಲೂ ಅದರದ್ದೇ ದೋಷ. ಎಲ್ಲವನ್ನೂ ಒಂದರ ಮೇಲೊಂದು ಇಟ್ಟು, ಯಾವುದಕ್ಕೆ ಎಷ್ಟು ತೂಕ ಅಂತ ನಿಗದಿ ಮಾಡಿ ಕೂಡಿಸಿದಾಗ ನಿಮ್ಮ ಹಸಿರು-ಕೆಂಪು ಮೂಡುತ್ತದೆ. ಪಿಡಿಎಫ್ ಆಗುವ ಹೊತ್ತಿಗೆ ಈ ಕಾಲ, ಅಳತೆ, ದೋಷ ಎಲ್ಲ ಮರೆಯಾಗಿರುತ್ತವೆ. ನನ್ನ ಕೋರಿಕೆ ಒಂದೇ. ಆ ಲೇಯರ್‌ಗಳನ್ನು ಹೊರಗಿಡಿ. ಸಹಿ ಬೀಳುವ ಮುಂಚೆ ಇಡಿ, ಯಾರು ಬೇಕಾದರೂ ತೆರೆದು ತಪ್ಪು ತೋರಿಸುವ ಹಾಗೆ ಇಡಿ.

ಮುಂಚೆ ಅಂತ ಒತ್ತಿ ಹೇಳುವುದಕ್ಕೆ ಕಾರಣ ಇದೆ. 1970ರ ದಶಕದ ಕೊನೆ, 80ರ ದಶಕದ ಶುರುವಿನಲ್ಲಿ ಜೀವವಿಜ್ಞಾನಿ ಮೈಕೆಲ್ ಸ್ಕಾಟ್ ಮತ್ತು ಅವರ ತಂಡ ಹವಾಯಿ ದ್ವೀಪಗಳ ಕಾಡುಹಕ್ಕಿಗಳ ಸಮೀಕ್ಷೆ ನಡೆಸಿತು. ಅಳಿವಿನಂಚಿನ ಹಕ್ಕಿಗಳು ಎಲ್ಲೆಲ್ಲಿವೆ ಅನ್ನುವ ನಕ್ಷೆಯನ್ನು ಅಲ್ಲಿನ ಮೀಸಲು ಪ್ರದೇಶಗಳ ನಕ್ಷೆಯ ಮೇಲೆ ಇಟ್ಟು ನೋಡಿದರು. ಎರಡೂ ಒಂದಕ್ಕೊಂದು ಕೂಡಲೇ ಇಲ್ಲ ಅನ್ನುವಷ್ಟು ಕಡಿಮೆ ಕೂಡಿದವು. ಹಕ್ಕಿ ಇರುವುದು ಒಂದು ಕಡೆ, ರಕ್ಷಣೆ ಕೊಟ್ಟಿರುವುದು ಇನ್ನೊಂದು ಕಡೆ. 1985ರಲ್ಲಿ ಹಕಲಾವ್ ಕಾಡನ್ನು ವನ್ಯಜೀವಿ ಧಾಮ ಮಾಡಿದ್ದರ ಹಿಂದೆ ಈ ನಕ್ಷೆಗಳಿವೆ. ಈ ವಿಧಾನವೇ ಆಮೇಲೆ ಗ್ಯಾಪ್ ಅನಾಲಿಸಿಸ್, ಅಂದರೆ ರಕ್ಷಣೆ ಎಲ್ಲಿ ತಪ್ಪಿದೆ ಅಂತ ಹುಡುಕುವುದು, ಅಂತ ಹೆಸರಾಯಿತು. ಇದರಲ್ಲಿ ದೊಡ್ಡ ತಂತ್ರಜ್ಞಾನ ಏನೂ ಇಲ್ಲ. ಎರಡು ಹಾಳೆ ಒಂದೇ ಮೇಜಿನ ಮೇಲೆ ಬಂದವು, ಅಷ್ಟೇ. ನಿಮ್ಮಲ್ಲಿ ಎಷ್ಟೋ ಕಡೆ ಒಂದು ಹಾಳೆ ಅರಣ್ಯದವರ ಹತ್ತಿರ, ಇನ್ನೊಂದು ನೀರಾವರಿಯವರ ಹತ್ತಿರ, ಮೂರನೆಯದು ರಸ್ತೆಯವರ ಹತ್ತಿರ ಇರುತ್ತದೆ. ಮೂರೂ ಮೊದಲ ಸಲ ಎದುರುಬದುರಾಗುವುದು ಕೋರ್ಟಿನಲ್ಲಿ.

ಸಮುದ್ರದ್ದೂ ಒಂದು ಉದಾಹರಣೆ ಕೊಡುತ್ತೇನೆ. ಅಮೆರಿಕದ ಬಾಸ್ಟನ್ ಬಂದರಿಗೆ ಹೋಗುವ ಹಡಗುಗಳು ತಿಮಿಂಗಿಲಗಳಿಗೆ ಡಿಕ್ಕಿ ಹೊಡೆಯುತ್ತಿದ್ದವು. ಎರಡು ದಶಕಕ್ಕೂ ಹೆಚ್ಚು ಕಾಲ ತಿಮಿಂಗಿಲ ಕಂಡ ಜಾಗಗಳನ್ನು ಗುರುತು ಮಾಡಿಟ್ಟಿದ್ದರು. ಅದನ್ನು ಹಡಗಿನ ದಾರಿಯ ಮೇಲಿಟ್ಟು ನೋಡಿದಾಗ, ದಾರಿಯನ್ನು ಸ್ವಲ್ಪ ಉತ್ತರಕ್ಕೆ ತಿರುಗಿಸಿದರೆ ಸಾಕು ಅಂತ ಗೊತ್ತಾಯಿತು. 2007ರಲ್ಲಿ ತಿರುಗಿಸಿದರು. ಬಲೀನ್ ತಿಮಿಂಗಿಲಗಳಿಗೆ (ಹಲ್ಲಿನ ಬದಲು ಬಾಯಲ್ಲಿ ಜರಡಿಯಂಥ ಪಟ್ಟಿ ಇರುವವು) ಡಿಕ್ಕಿಯ ಅಪಾಯ ಶೇಕಡ 81ರಷ್ಟು, ತೀರಾ ಅಪರೂಪದ ರೈಟ್ ತಿಮಿಂಗಿಲಗಳಿಗೆ ಶೇಕಡ 58ರಷ್ಟು ಇಳಿಯುತ್ತದೆ ಅಂತ ಅಂದಾಜು ಮಾಡಿದ್ದರು. ಹಡಗಿಗೆ ಜಾಸ್ತಿಯಾದದ್ದು ಕೆಲವೇ ನಿಮಿಷ. ಬಂದರನ್ನೂ ಮುಚ್ಚಲಿಲ್ಲ, ತಿಮಿಂಗಿಲವನ್ನೂ ಬಿಟ್ಟುಕೊಡಲಿಲ್ಲ.

ಆದರೆ ನೀವು ಕೂತು ಓದಬೇಕಾದದ್ದು ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್‌ನ ಕತೆ. ಅಲ್ಲಿನ ಸಾಗರ ಉದ್ಯಾನ 3,44,000 ಚದರ ಕಿಲೋಮೀಟರಿಗೂ ದೊಡ್ಡದು. 2004ರ ತನಕ ಅದರಲ್ಲಿ ಮೀನು ಹಿಡಿಯದ ವಲಯ ಶೇಕಡ 5ಕ್ಕಿಂತ ಕಡಿಮೆ ಇತ್ತು. ಅದೂ ಬಹುಪಾಲು ಕಣ್ಣಿಗೆ ಚೆಂದ ಕಾಣುವ ಹವಳದ ದಿಬ್ಬಗಳ ಮೇಲೇ. ಹವಳಗಳ ನಡುವಿನ ಮರಳು, ಹುಲ್ಲಿನಂಥ ಕಡಲ ಸಸ್ಯ, ಕೆಸರಿನ ತಳ ಯಾರಿಗೂ ಬೇಕಿರಲಿಲ್ಲ. ಹಾಗಾಗಿ ವಿಜ್ಞಾನಿಗಳು ಮೊದಲು ಇಡೀ ಪ್ರದೇಶವನ್ನು 70 ಜೈವಿಕ ವಲಯಗಳಾಗಿ ವಿಂಗಡಿಸಿದರು. ಪ್ರತಿ ವಲಯದಲ್ಲೂ ಕನಿಷ್ಠ ಶೇಕಡ 20 ರಕ್ಷಣೆಗೆ ಒಳಪಡಬೇಕು ಅಂತ ನಿಯಮ ಮಾಡಿಕೊಂಡರು. ಮಾರ್ಕ್ಸಾನ್ ಅನ್ನುವ ಸಾಫ್ಟ್‌ವೇರ್‌ಗೆ ಎಲ್ಲವನ್ನೂ ಉಣಿಸಿ, ಮೀನುಗಾರರಿಗೆ ಆದಷ್ಟು ಕಡಿಮೆ ತೊಂದರೆಯಾಗುವ ಜೋಡಣೆಗಳನ್ನು ಹುಡುಕಿದರು.

ನಿಮಗೆ ಕಾಣಬೇಕಾದ ಭಾಗ ಇದರ ನಂತರದ್ದು. ಸಾಫ್ಟ್‌ವೇರ್ ಕೊಟ್ಟದ್ದಕ್ಕೇ ಸಹಿ ಹಾಕಿ ಮುಗಿಸಲಿಲ್ಲ. ಎರಡು ಸುತ್ತು ಜನರ ಅಭಿಪ್ರಾಯ ಕೇಳಿದರು. 30 ಸಾವಿರಕ್ಕೂ ಹೆಚ್ಚು ಅಹವಾಲುಗಳು ಬಂದವು. ನಾವು ಮೀನು ಹಿಡಿಯುವುದು ಇಲ್ಲಿ, ನೀವು ಗೆರೆ ಎಳೆದಿರುವುದೂ ಇಲ್ಲೇ, ಅಂತ ನಕ್ಷೆಯ ಮೇಲೆ ಗುರುತು ಹಾಕಿ ಕಳಿಸಿದವರಿದ್ದರು. ಕರಡು ನಕ್ಷೆಯ ಎಷ್ಟೋ ಗೆರೆಗಳು ಅಂತಿಮ ನಕ್ಷೆಯಲ್ಲಿ ಜಾಗ ಬದಲಿಸಿದವು. 2004ರ ಜುಲೈ 1ರಂದು ಹೊಸ ವಲಯಗಳು ಜಾರಿಗೆ ಬಂದಾಗ ಮೀನು ಹಿಡಿಯದ ಜಾಗ ಶೇಕಡ 33ಕ್ಕೆ ಏರಿತ್ತು. ಜನರಿಗೆ ತೋರಿಸಿದರೆ ಯೋಜನೆ ಕುಗ್ಗುತ್ತದೆ ಅನ್ನುವ ಹೆದರಿಕೆ ನಿಮ್ಮಲ್ಲಿ ಹಲವರಿಗಿದೆ ಅಲ್ವಾ? ಇಲ್ಲಿ ತೋರಿಸಿದ್ದಾರೆ, ತಿದ್ದಿಸಿಕೊಂಡಿದ್ದಾರೆ, ಆದರೂ ಆರು ಪಟ್ಟಿಗಿಂತ ಹೆಚ್ಚು ಬೆಳೆದಿದೆ. (ಗೆರೆ ಎಳೆದ ಮಾತ್ರಕ್ಕೆ ಸಮುದ್ರ ಬಿಸಿಯಾಗುವುದು ನಿಲ್ಲುವುದಿಲ್ಲ. 2016 ಮತ್ತು 2017ರಲ್ಲಿ ಅದೇ ಹವಳಗಳು ಬೆಳ್ಳಗಾದವು. ನಕ್ಷೆಯಿಂದ ಆಗದ ಕೆಲಸವೂ ಇದೆ.)

ಇನ್ನು ತಪ್ಪುಗಳ ವಿಷಯ. ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲುತ್ತೇನೆ, ಯಾಕೆಂದರೆ ಲೇಯರ್‌ಗಳನ್ನು ತೆರೆದಿಡಿ ಅನ್ನುವುದಕ್ಕೆ ಮುಖ್ಯ ಕಾರಣ ಇಲ್ಲೇ ಇದೆ.

ಹಸಿರಿನಿಂದ ಶುರು ಮಾಡೋಣ. 2013ರಲ್ಲಿ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಮ್ಯಾಥ್ಯೂ ಹ್ಯಾನ್ಸನ್ ತಂಡ ಇಡೀ ಭೂಮಿಯ ಮರಗಳ ಹೊದಿಕೆಯ ನಕ್ಷೆ ಪ್ರಕಟಿಸಿತು. ಆರೂವರೆ ಲಕ್ಷಕ್ಕೂ ಹೆಚ್ಚು ಲ್ಯಾಂಡ್‌ಸ್ಯಾಟ್ (ಅಮೆರಿಕದ ಭೂವೀಕ್ಷಣಾ ಉಪಗ್ರಹ) ಚಿತ್ರಗಳನ್ನು ಜಾಲಾಡಿ, 2000ದಿಂದ 2012ರ ನಡುವೆ 23 ಲಕ್ಷ ಚದರ ಕಿಲೋಮೀಟರ್ ಮರದ ಹೊದಿಕೆ ಹೋಗಿದೆ, 8 ಲಕ್ಷ ಬಂದಿದೆ ಅಂತ ತೋರಿಸಿತು. ಅದ್ಭುತ ಕೆಲಸ, ನಾವೆಲ್ಲ ಬಳಸುತ್ತೇವೆ. ಆದರೆ ಅದು ಅಳೆದದ್ದು ಮರದ ಹೊದಿಕೆಯನ್ನು, ಕಾಡನ್ನಲ್ಲ. ತಾಳೆ ತೋಟ, ರಬ್ಬರ್ ತೋಟ, ಅಕೇಸಿಯಾ ನೆಡುತೋಪು ಎಲ್ಲ ಮೇಲಿಂದ ಹಸಿರೇ. ಹಳೆಯ ಕಾಡು ಕಡಿದು ತೋಟ ಹಾಕಿದರೆ ಕೆಲವು ವರ್ಷಕ್ಕೆ ಆ ಜಾಗ ಮತ್ತೆ ಹಸಿರಾಗುತ್ತದೆ. ಈ ತಕರಾರನ್ನು ಬೇರೆ ವಿಜ್ಞಾನಿಗಳು ಮರುವರ್ಷವೇ ಎತ್ತಿದರು. ಎತ್ತಲು ಸಾಧ್ಯವಾದದ್ದು ಹೇಗೆ? ನಕ್ಷೆಯ ದತ್ತಾಂಶವನ್ನು ತೆರೆದಿಟ್ಟಿದ್ದರು. ಯಾರು ಬೇಕಾದರೂ ಇಳಿಸಿಕೊಂಡು ತಮ್ಮ ತೋಟದ ಮೇಲೆ ಇಟ್ಟು ನೋಡಬಹುದಿತ್ತು. ನಿಮ್ಮ ಪಿಡಿಎಫ್ ಮೇಲೆ ಇಂಥ ತಕರಾರು ಯಾರಿಗೂ ಎತ್ತಲಾಗದು.

ಹುಲ್ಲುಗಾವಲಿನ ಗತಿ ಇನ್ನೂ ಕಷ್ಟ. ಮರವಿಲ್ಲದ ಜಾಗವನ್ನೆಲ್ಲ ಪಾಳು ಅಂತ ವರ್ಗ ಮಾಡುವ ಚಾಳಿ ನಮ್ಮ ಕಸುಬಿನಲ್ಲಿ ಹಳೆಯದು. ಒಮ್ಮೆ ಪಾಳು ಅಂತ ಬಣ್ಣ ಬಿದ್ದರೆ ಮುಗಿಯಿತು, ಸೌರ ಫಲಕಕ್ಕೂ ಅದೇ ಜಾಗ, ಗಿಡ ನೆಡುವುದಕ್ಕೂ ಅದೇ ಜಾಗ. ಮಳೆಗಾಲದಲ್ಲಿ ಮಾತ್ರ ನೀರು ನಿಲ್ಲುವ ಜೌಗು ಕೂಡ ಹಾಗೆಯೇ. ಚಿತ್ರ ತೆಗೆದದ್ದು ಬೇಸಿಗೆಯಲ್ಲಾದರೆ ಅಲ್ಲಿ ಕಾಣುವುದು ಒಣ ನೆಲ. ಮಳೆಗಾಲದಲ್ಲಿ ತೆಗೆಯಲು ಹೋದರೆ ಮೋಡ ಅಡ್ಡ. ಮೋಡದ ಮೂಲಕ ನೋಡುವ ರಾಡಾರ್ ಉಪಗ್ರಹಗಳಿವೆ, ಯುರೋಪಿನ ಸೆಂಟಿನೆಲ್-1 2014ರಿಂದ ಹಾರುತ್ತಿದೆ, ಅದರ ಚಿತ್ರಗಳು ಉಚಿತ. ಆದರೂ ಎಷ್ಟೋ ಪ್ರವಾಹ ನಕ್ಷೆಗಳು ಮೋಡ ಸರಿದ ಮೇಲಿನ, ಅಂದರೆ ನೀರು ಇಳಿದ ಮೇಲಿನ ಚಿತ್ರದಿಂದಲೇ ತಯಾರಾಗುತ್ತವೆ. ಚಿತ್ರದ ತಾರೀಖು ನಕ್ಷೆಯಲ್ಲಿ ಇದ್ದರೆ ನೆರೆ ಕಂಡವರು ಒಂದೇ ನೋಟಕ್ಕೆ ಹೇಳಿಬಿಡುತ್ತಾರೆ, ಅವತ್ತಿಗೆ ನೀರು ಅರ್ಧ ಇಳಿದಿತ್ತು ಅಂತ.

ಪಿಕ್ಸೆಲ್, ಅಂದರೆ ಚಿತ್ರದ ಒಂದು ಪುಟ್ಟ ಚೌಕ, ಅದರ ಗಾತ್ರ ಇನ್ನೊಂದು. ಲ್ಯಾಂಡ್‌ಸ್ಯಾಟ್‌ನ ಒಂದು ಪಿಕ್ಸೆಲ್ 30 ಮೀಟರ್ ಉದ್ದ, 30 ಮೀಟರ್ ಅಗಲ. ಆ 900 ಚದರ ಮೀಟರಿಗೆಲ್ಲ ಸೇರಿ ಒಂದೇ ಉತ್ತರ. ಹೊಲಗಳ ನಡುವೆ ಹರಿಯುವ ಐದು ಮೀಟರ್ ಅಗಲದ ತೊರೆ, ಅದರ ಎರಡು ದಂಡೆಯ ಮರಗಳ ಸಾಲು ಈ ಉತ್ತರದಲ್ಲಿ ಹೊಲವಾಗಿಬಿಡುತ್ತವೆ. ನರಿ, ಕಾಡುಬೆಕ್ಕು, ಕಪ್ಪೆ ಒಂದು ಕಾಡಿನಿಂದ ಇನ್ನೊಂದಕ್ಕೆ ದಾಟುವುದು ಆ ಸಾಲಿನಲ್ಲೇ. ಸೆಂಟಿನೆಲ್-2ರ 10 ಮೀಟರ್ ಪಿಕ್ಸೆಲ್‌ನಲ್ಲಿ ಅಂಥ ಸಾಲು ಅಲ್ಲಲ್ಲಿ ಕಾಣಿಸುತ್ತದೆ, ಅಲ್ಲಲ್ಲಿ ತಪ್ಪಿಹೋಗುತ್ತದೆ. ನಕ್ಷೆಯಲ್ಲಿ ಇಂಥ ಕಾರಿಡಾರ್ (ಪ್ರಾಣಿಗಳು ದಾಟುವ ದಾರಿ) ತುಂಡಾಗಿದೆ ಅಂತ ಕಂಡರೆ ಅದು ನೆಲದಲ್ಲಿ ತುಂಡಾಗಿದೆಯೋ ಪಿಕ್ಸೆಲ್‌ನಲ್ಲಿ ತುಂಡಾಗಿದೆಯೋ ಅಂತ ಕೇಳಬೇಕು.

ಕಾರಿಡಾರ್ ಅಂದಾಗ ಒಂದು ಗುಟ್ಟು ಹೇಳಬೇಕು. ಪ್ರಾಣಿಗಳ ದಾರಿಯನ್ನು ಅಂದಾಜು ಮಾಡಲು ಬ್ರ್ಯಾಡ್ ಮೆಕ್ರೇ ಅವರ ಸರ್ಕಿಟ್‌ಸ್ಕೇಪ್‌ನಂಥ ಸಾಫ್ಟ್‌ವೇರ್ ಬಳಸುತ್ತೇವೆ. ಇಡೀ ಪ್ರದೇಶವನ್ನು ವಿದ್ಯುತ್ ಸರ್ಕಿಟ್ ಅಂತ ಲೆಕ್ಕ ಹಿಡಿದು, ಎಲ್ಲಿ ತಡೆ ಕಡಿಮೆಯೋ ಅಲ್ಲಿ ಪ್ರಾಣಿಗಳ ಓಡಾಟ ಜಾಸ್ತಿ ಅಂತ ಅದು ಹೇಳುತ್ತದೆ. ಆದರೆ ತಡೆ ಎಷ್ಟು ಅಂತ ಅದಕ್ಕೆ ಹೇಳಿಕೊಡುವವರು ನಾವು. ಕಾಡಿಗೆ 1, ಹೊಲಕ್ಕೆ 10, ಹೆದ್ದಾರಿಗೆ 100 ಅಂತ ಒಂದು ಪುಟ್ಟ ಪಟ್ಟಿ ಇರುತ್ತದೆ. ರೇಡಿಯೋ ಕಾಲರ್ ಹಾಕಿ ಪಡೆದ ಮಾಹಿತಿ ಇದ್ದರೆ ಆ ಅಂಕಿಗಳಿಗೆ ಆಧಾರ ಇರುತ್ತದೆ. ಇಲ್ಲದಿದ್ದರೆ ಅದು ನಾಲ್ಕು ಜನ ತಜ್ಞರು ಮೇಜಿನ ಸುತ್ತ ಕೂತು ಒಪ್ಪಿಕೊಂಡ ಅಂದಾಜು. ಹೊಲದ 10ನ್ನು 30 ಮಾಡಿದರೆ ಕಾರಿಡಾರ್ ಬೇರೆ ಕಣಿವೆಗೇ ಹಾರಬಹುದು. ಪ್ರಾಣಿಗಳು ಹೆದ್ದಾರಿ ದಾಟಲು ಕೋಟಿಗಟ್ಟಲೆ ಹಣದ ಮೇಲ್ಸೇತುವೆ ಎಲ್ಲಿ ಬರಬೇಕು ಅನ್ನುವುದನ್ನು ಆ ಪುಟ್ಟ ಪಟ್ಟಿ ನಿರ್ಧಾರ ಮಾಡುತ್ತದೆ. ನೂರಾರು ಪುಟದ ನಿಮ್ಮ ವರದಿಗಳಲ್ಲಿ ಆ ಪಟ್ಟಿಗೊಂದು ಪುಟ ಕೊಡಿ.

ಪ್ರಾಣಿ ಕಂಡ ಜಾಗಗಳ ಚುಕ್ಕೆಗಳೂ ಸಾಚಾ ಅಲ್ಲ. ಜಿಬಿಐಎಫ್ ಎಂಬ ಜಾಗತಿಕ ಜೀವವೈವಿಧ್ಯ ಕಣಜದಲ್ಲಿ ಇವತ್ತು 200 ಕೋಟಿಗೂ ಹೆಚ್ಚು ದಾಖಲೆಗಳಿವೆ. ಯಾವುದೇ ಪ್ರದೇಶದ ಚುಕ್ಕೆಗಳನ್ನು ಪರದೆ ಮೇಲೆ ಹಾಕಿ ನೋಡಿ, ರಸ್ತೆಗಳ ನಕ್ಷೆ ತಾನಾಗಿ ಮೂಡುತ್ತದೆ. ಹಕ್ಕಿ ನೋಡುವವರು ಹೋಗುವುದು ರಸ್ತೆ ಇದ್ದಲ್ಲಿಗೆ. ಚುಕ್ಕೆ ಇಲ್ಲದ ಜಾಗದಲ್ಲಿ ಜೀವಿ ಇಲ್ಲ ಅಂತಲ್ಲ, ಅಲ್ಲಿಗೆ ಯಾರೂ ಹೋಗಿಲ್ಲ ಅಂತಲೂ ಇರಬಹುದು. ಅಕ್ಷಾಂಶ, ರೇಖಾಂಶ ಅದಲುಬದಲಾಗಿ ಸಮುದ್ರದ ನಡುವೆ ಬಿದ್ದ ಕಾಡುಪ್ರಾಣಿಗಳೂ ಅಲ್ಲಿ ಸಿಗುತ್ತವೆ. ಅವು ಪರವಾಗಿಲ್ಲ, ತಪ್ಪು ಅಂತ ಕಣ್ಣಿಗೆ ಹೊಡೆಯುತ್ತದೆ. ನಾಲ್ಕು ಕಿಲೋಮೀಟರ್ ಆಚೆ ಬಿದ್ದ ಚುಕ್ಕೆಯದ್ದೇ ತೊಂದರೆ, ಅದು ಸರಿಯಾದ ಚುಕ್ಕೆಯ ಹಾಗೇ ಇರುತ್ತದೆ.

ನೆಲದ ಎತ್ತರದ ಲೇಯರ್ ಮಾತ್ರ ಜನರ ಜೀವಕ್ಕೇ ಸಂಬಂಧಪಟ್ಟದ್ದು. 2000ದ ಫೆಬ್ರವರಿಯಲ್ಲಿ ನಾಸಾದ ಎಂಡೆವರ್ ನೌಕೆ 11 ದಿನ ಹಾರಿ, ರಾಡಾರ್‌ನಿಂದ ಭೂಮಿಯ ಹೆಚ್ಚಿನ ಭಾಗದ ಎತ್ತರ ಅಳೆಯಿತು. ಎಸ್‌ಆರ್‌ಟಿಎಂ ಅಂತ ಕರೆಯುವ ಆ ಮಾಹಿತಿಯೇ ಎಷ್ಟೋ ಕರಾವಳಿ ಯೋಜನೆಗಳಿಗೆ ಅಡಿಪಾಯ. ಆದರೆ ಆ ರಾಡಾರ್ ದಟ್ಟ ಮರಗಳಿರುವಲ್ಲಿ, ಒತ್ತೊತ್ತಾಗಿ ಕಟ್ಟಡಗಳಿರುವಲ್ಲಿ ನೆಲ ಮುಟ್ಟುವುದಿಲ್ಲ. ಮರದ ತಲೆ, ಮನೆಯ ಛಾವಣಿ ಅದಕ್ಕೆ ನೆಲ. ಹಾಗಾಗಿ ತಗ್ಗಿನ ಕರಾವಳಿ ನಿಜಕ್ಕಿಂತ ಎತ್ತರ ಕಾಣುತ್ತದೆ. 2019ರಲ್ಲಿ ಸ್ಕಾಟ್ ಕಲ್ಪ್ ಮತ್ತು ಬೆಂಜಮಿನ್ ಸ್ಟ್ರಾಸ್ ಈ ದೋಷವನ್ನು ಆದಷ್ಟು ಕಳೆದು ಮತ್ತೆ ಲೆಕ್ಕ ಹಾಕಿದಾಗ, ಸಮುದ್ರಮಟ್ಟ ಏರಿದಂತೆ ನೆರೆಯ ಅಪಾಯಕ್ಕೆ ಸಿಲುಕುವ ಜನರ ಸಂಖ್ಯೆ ಹಳೆಯ ಅಂದಾಜಿನ ಮೂರು ಪಟ್ಟಾಯಿತು. ನೆಲ ಅದೇ, ಜನ ಅವರೇ. ಬದಲಾದದ್ದು ಒಂದು ಲೇಯರ್. ನಿಮ್ಮ ಕರಾವಳಿ ಯೋಜನೆ ಯಾವ ಎತ್ತರದ ಮೇಲೆ ನಿಂತಿದೆ ಅಂತ ಅದರ ಮುಖಪುಟದಲ್ಲೇ ಬರೆದಿರಬೇಕು.

ನೆರೆಯ ಗೆರೆಗೂ ಇದೇ ಮಾತು. ನೂರು ವರ್ಷಕ್ಕೊಮ್ಮೆ ಬರುವ ನೆರೆ ಅಂದರೆ ಪ್ರತಿ ವರ್ಷವೂ ಶೇಕಡ 1ರ ಸಾಧ್ಯತೆ. 30 ವರ್ಷ ಒಂದೇ ಮನೆಯಲ್ಲಿದ್ದವರಿಗೆ ಅದು ಶೇಕಡ 26 ಆಗುತ್ತದೆ. ನೀಲಿ ಗೆರೆಯ ಒಳಗಿದ್ದವರು ಹೆದರುತ್ತಾರೆ, ಹತ್ತು ಹೆಜ್ಜೆ ಹೊರಗಿದ್ದವರು ನಿಶ್ಚಿಂತೆಯಿಂದ ಮಲಗುತ್ತಾರೆ. 2017ರಲ್ಲಿ ಹಾರ್ವೆ ಚಂಡಮಾರುತ ಹ್ಯೂಸ್ಟನ್ ನಗರವಿರುವ ಹ್ಯಾರಿಸ್ ಕೌಂಟಿಯನ್ನು ಮುಳುಗಿಸಿದಾಗ ನೀರು ನುಗ್ಗಿದ ಮನೆಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಆ ಗೆರೆಯ ಹೊರಗಿದ್ದವು. ಗೆರೆಯ ಬದಲು ಮಸುಕಾದ ಅಂಚು ಕೊಡಿ. ನೋಡಲು ಅಂದವಾಗಿರುವುದಿಲ್ಲ, ಇರಲಿ ಬಿಡಿ.

ಈಗ ನಿಮ್ಮ ಆಕ್ಷೇಪಗಳಿಗೆ ಬರೋಣ. ಎಲ್ಲ ತೆರೆದಿಟ್ಟರೆ ದುರುಪಯೋಗ ಆಗುತ್ತದೆ ಅನ್ನುತ್ತೀರಿ. ಒಂದು ವಿಷಯದಲ್ಲಿ ನೀವು ಪೂರ್ತಿ ಸರಿ. ಚೀನಾದಲ್ಲಿ ಒಂದು ಹಲ್ಲಿಯ ಹೊಸ ಪ್ರಭೇದವನ್ನು 1999ರಲ್ಲಿ ವಿಜ್ಞಾನಿಗಳು ವಿವರಿಸಿದರು. ಅದು ಸಿಕ್ಕ ಜಾಗವನ್ನೂ ಬರೆದರು. ಸಾಕುಪ್ರಾಣಿ ವ್ಯಾಪಾರದವರು ಅಲ್ಲಿಗೇ ಹೋಗಿ ಹಿಡಿದು ಹಿಡಿದು, ಆ ಜಾಗದಲ್ಲಿ ಹಲ್ಲಿಯನ್ನೇ ಮುಗಿಸಿಬಿಟ್ಟರು. ಹಾಗಾಗಿ ಅಪರೂಪದ ಜೀವಿಯ ಗೂಡು, ಬಿಲ, ಮರ ಎಲ್ಲಿದೆ ಅಂತ ಕರಾರುವಾಕ್ಕಾಗಿ ಕೊಡಬೇಡಿ. ದೊಡ್ಡ ಚೌಕದಲ್ಲಿ ಮಸುಕಾಗಿಸಿ ಕೊಡಿ, ಹಕ್ಕಿ ನೋಡುವವರು ದಾಖಲೆ ಹಾಕುವ ಇಬರ್ಡ್‌ನಂಥ ಜಾಲಗಳು ಅಂಥ ಪ್ರಭೇದಗಳ ಜಾಗವನ್ನು ಮರೆಮಾಡುತ್ತವೆ. ಸಮುದಾಯಗಳ ಪವಿತ್ರ ಜಾಗಗಳಿಗೂ ಇದೇ ನಿಯಮ ಇರಲಿ, ಅದನ್ನು ತೀರ್ಮಾನಿಸುವವರು ಅವರೇ ಆಗಿರಲಿ. ಆದರೆ ಹಲ್ಲಿಯ ನೆಪ ಹೇಳಿ ಇಳಿಜಾರಿನ ನಕ್ಷೆ ಮುಚ್ಚಿಡಬೇಡಿ. ಭೂಕುಸಿತದ ಅಪಾಯ ಎಲ್ಲಿದೆ ಅಂತ ಅಲ್ಲಿ ಮನೆ ಕಟ್ಟಿಕೊಂಡವರಿಗೆ ಗೊತ್ತಾಗಬಾರದೇ?

ಜಮೀನಿನ ಬೆಲೆ ಬೀಳುತ್ತದೆ ಅನ್ನುವುದು ಇನ್ನೊಂದು ಮಾತು, ಸಾಮಾನ್ಯವಾಗಿ ಮೆಲ್ಲಗೆ ಹೇಳುವುದು. ಬೀಳಬಹುದು. ಅಪಾಯ ಗೊತ್ತಿಲ್ಲದವರಿಗೆ ಆ ಜಮೀನು ಮಾರುವುದಕ್ಕಿಂತ ಅದು ವಾಸಿ.

ಜನರಿಗೆ ಇದೆಲ್ಲ ಅರ್ಥವಾಗುವುದಿಲ್ಲ ಅನ್ನುವುದು ಮೂರನೆಯದು. ಇದನ್ನು ನಾನು ಒಪ್ಪುವುದಿಲ್ಲ. 1970ರ ದಶಕದಲ್ಲಿ ಕೆನಡಾದ ಉತ್ತರದಲ್ಲಿ ಮಿಲ್ಟನ್ ಫ್ರೀಮನ್ ನೇತೃತ್ವದಲ್ಲಿ ಒಂದು ಕೆಲಸ ನಡೆಯಿತು. ಅಲ್ಲಿನ ಮೂಲನಿವಾಸಿಗಳಾದ ಇನ್ಯುಯಿಟ್ ಬೇಟೆಗಾರರ ಮುಂದೆ ನಕ್ಷೆ ಹರಡಿ, ನೀವು ಜೀವಮಾನದಲ್ಲಿ ಎಲ್ಲೆಲ್ಲಿ ಸೀಲ್, ಕ್ಯಾರಿಬೂ, ಮೀನು ಹಿಡಿದಿದ್ದೀರಿ ಗುರುತು ಹಾಕಿ ಅಂದರು. ಒಬ್ಬೊಬ್ಬರ ಗುರುತನ್ನೂ ಒಟ್ಟುಗೂಡಿಸಿದಾಗ, ಹೊರಗಿನವರು ಖಾಲಿ ಅಂದುಕೊಂಡಿದ್ದ ಹಿಮದ ಬಯಲು ತುಂಬಿಹೋಗಿತ್ತು. 1976ರಲ್ಲಿ ಅದು ಪ್ರಕಟವಾಯಿತು. ಅವರ ಭೂಮಿಯ ಹಕ್ಕಿನ ವಾದಕ್ಕೆ ಅದು ಆಧಾರವಾಯಿತು, 1999ರಲ್ಲಿ ನುನಾವುಟ್ ಅನ್ನುವ ಪ್ರತ್ಯೇಕ ಆಡಳಿತ ಪ್ರದೇಶವೇ ಹುಟ್ಟಿತು. ನಕ್ಷೆ ಓದಲು ಬಾರದವರು ಅಂತ ಅವರನ್ನು ಬಿಟ್ಟಿದ್ದರೆ?

ಸಿಬ್ಬಂದಿ ಇಲ್ಲ, ಹಣ ಇಲ್ಲ ಅನ್ನುವುದು ನಿಜವಾದ ಕಷ್ಟ. ಆದರೆ ಮುಚ್ಚಿಟ್ಟ ಮಾಹಿತಿಯಿಂದ ಉಳಿಯುವ ಹಣಕ್ಕಿಂತ ಹೋಗುವುದೇ ಹೆಚ್ಚು. ಲ್ಯಾಂಡ್‌ಸ್ಯಾಟ್ ಚಿತ್ರಕ್ಕೆ ಹಿಂದೆ ಒಂದಕ್ಕೆ 600 ಡಾಲರ್ ಇತ್ತು, ದಿನಕ್ಕೆ ಐವತ್ತು ಚಿಲ್ಲರೆ ಚಿತ್ರ ಹೋಗುತ್ತಿದ್ದವು. 2008ರಲ್ಲಿ ಅಮೆರಿಕ ಅದನ್ನು ಉಚಿತ ಮಾಡಿತು. ಆಮೇಲೆ ದಿನಕ್ಕೆ ಸಾವಿರಾರು ಚಿತ್ರಗಳು ಹೋಗತೊಡಗಿದವು. ಮೇಲೆ ಹೇಳಿದ ಹ್ಯಾನ್ಸನ್ ನಕ್ಷೆ ದುಡ್ಡು ಕೊಟ್ಟು ತರಿಸಬೇಕಾದ ಕಾಲದಲ್ಲಿ ಆಗುತ್ತಲೇ ಇರಲಿಲ್ಲ. 2010ರ ಜನವರಿಯಲ್ಲಿ ಹೈಟಿಯಲ್ಲಿ ಭೂಕಂಪವಾದಾಗ ಪೋರ್ಟ್-ಒ-ಪ್ರಿನ್ಸ್ ನಗರದ ಒಳ್ಳೆಯ ರಸ್ತೆ ನಕ್ಷೆ ಇರಲಿಲ್ಲ. ಉಪಗ್ರಹ ಕಂಪನಿಗಳು ಚಿತ್ರ ಬಿಟ್ಟುಕೊಟ್ಟವು, ಲೋಕದ ನಾನಾ ಕಡೆಯ ಸ್ವಯಂಸೇವಕರು ಯಾರು ಬೇಕಾದರೂ ತಿದ್ದಬಹುದಾದ ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಕೆಲವೇ ದಿನಗಳಲ್ಲಿ ರಸ್ತೆ ಬರೆದರು, ರಕ್ಷಣಾ ತಂಡಗಳು ಅದನ್ನೇ ಜಿಪಿಎಸ್‌ಗೆ ಹಾಕಿಕೊಂಡು ಓಡಾಡಿದವು. ಕೆಲಸ ಮಾಡುವ ಕೈಗಳಿಗೆ ಕೊರತೆ ಇಲ್ಲ. ಅವರಿಗೆ ಏನಾದರೂ ಕೊಡಬೇಕು, ಅದೂ ಕಟ್ಟಡ ಬೀಳುವ ಮುಂಚೆ.

ಹಾಗೆ ನೋಡಿದರೆ ನಾನು ಹೊಸದೇನೂ ಕೇಳುತ್ತಿಲ್ಲ. 2022ರ ಡಿಸೆಂಬರ್‌ನಲ್ಲಿ ಕುನ್ಮಿಂಗ್-ಮಾಂಟ್ರಿಯಲ್ ಜೀವವೈವಿಧ್ಯ ಒಪ್ಪಂದಕ್ಕೆ ದೇಶಗಳು ಒಪ್ಪಿದವು. ಅದರ ಮೂರನೇ ಗುರಿ, 2030ರೊಳಗೆ ನೆಲ-ಜಲದ ಶೇಕಡ 30 ಸಂರಕ್ಷಣೆ, ಎಲ್ಲರ ಬಾಯಲ್ಲಿದೆ. ಮೊದಲನೇ ಗುರಿಯನ್ನು ಯಾರೂ ಓದಿದಂತಿಲ್ಲ. ಎಲ್ಲ ಪ್ರದೇಶಗಳಲ್ಲೂ ಜನರನ್ನು ಒಳಗೊಂಡ, ಜೀವವೈವಿಧ್ಯವನ್ನು ಲೆಕ್ಕಕ್ಕೆ ಹಿಡಿದ ಪ್ರಾದೇಶಿಕ ಯೋಜನೆ ಇರಬೇಕು ಅಂತ ಅದು ಹೇಳುತ್ತದೆ. ಜನರಿಗೆ ಲೇಯರ್ ತೋರಿಸದೆ ಅವರನ್ನು ಒಳಗೊಳ್ಳುವುದು ಹೇಗೆ? ಸಭೆ ಕರೆದು ಗೋಡೆ ಮೇಲೆ ಪಿಡಿಎಫ್ ತೋರಿಸಿ ಸಹಿ ಪಡೆಯುವುದಕ್ಕೆ ಒಳಗೊಳ್ಳುವುದು ಅನ್ನಬೇಡಿ.

ಹಾಗಾಗಿ ಮುಂದಿನ ಕರಡಿನ ಜೊತೆ ಇಷ್ಟು ಬರಲಿ. ಇಳಿಸಿಕೊಳ್ಳಲು ಆಗುವ ಲೇಯರ್‌ಗಳು, ಯಾವ ಉಚಿತ ಸಾಫ್ಟ್‌ವೇರ್‌ನಲ್ಲಾದರೂ ತೆರೆಯುವಂಥವು. ಒಂದೊಂದರ ತಾರೀಖು, ಸ್ಕೇಲ್, ಯಾರು ಮಾಡಿದ್ದು, ನೆಲಕ್ಕಿಳಿದು ಎಲ್ಲೆಲ್ಲಿ ಪರೀಕ್ಷೆ ಮಾಡಿದ್ದು. ಒಟ್ಟು ನಿಖರತೆ ಶೇಕಡ ಇಷ್ಟು ಅಂತ ಬರೆದು ಸುಮ್ನೆ ಬಿಡಬೇಡಿ. ದೊಡ್ಡ ವರ್ಗಗಳು ಸರಿಯಿದ್ದರೆ ಒಟ್ಟು ಅಂಕಿ ಚೆನ್ನಾಗೇ ಬರುತ್ತದೆ, ಚಿಕ್ಕ ಜೌಗುಗಳೆಲ್ಲ ತಪ್ಪಾಗಿದ್ದರೂ. ವರ್ಗವಾರು ಕೊಡಿ. ತೂಕದ ಪಟ್ಟಿ, ತಡೆಯ ಪಟ್ಟಿ ಕೊಡಿ. ನಿಮ್ಮ ಆಡಳಿತದ ಗಡಿ ದಾಟಿ ಜಲಾನಯನದ ಅಂಚಿನ ತನಕ ತೋರಿಸಿ. ಪಕ್ಕದವರ ಮಾಹಿತಿ ಸಿಗದಿದ್ದರೆ ಆ ಭಾಗವನ್ನು ಬಿಳಿಯಾಗಿ ಬಿಡಿ, ಸಿಗಲಿಲ್ಲ ಅಂತ ಬರೆಯಿರಿ.

ಕೊನೆಗೆ, ತಿದ್ದುಪಡಿ ಕಳಿಸಿದವರಿಗೆ ಉತ್ತರ ಕೊಡಿ. ಒಪ್ಪಿದ್ದಾದರೆ ಯಾವ ಗೆರೆ ಎಲ್ಲಿಗೆ ಸರಿಯಿತು, ಒಪ್ಪದಿದ್ದರೆ ಯಾಕೆ ಅಂತ ಎರಡು ಸಾಲು ಸಾಕು. ಆ ಪ್ರಶ್ನೋತ್ತರವೂ ನಕ್ಷೆಯ ಜೊತೆಗೇ ಪ್ರಕಟವಾಗಲಿ. ಅಹವಾಲಿಗೆ ಮೂರು ವಾರದ ಗಡುವು ಕೊಟ್ಟು, ಅದನ್ನೂ ರಜೆಯ ದಿನಗಳಲ್ಲಿ ಮುಗಿಸುವ ಜಾಣತನ ಮಾತ್ರ ಬೇಡ. ಮಳೆಗಾಲವೊಂದು, ಬೇಸಿಗೆಯೊಂದು ಕಳೆಯುವಷ್ಟು ಸಮಯ ಕೊಡಿ. ಜೌಗು ಎಲ್ಲಿದೆ ಅಂತ ನೋಡಿ ಹೇಳಲು ಅಷ್ಟಾದರೂ ಬೇಕು.

ಇಂತಿ,
ನಕ್ಷೆ ಮಾಡುವವರಲ್ಲಿ ಒಬ್ಬ